ಮುಸುಕಿನ ಜೋಳದ ನಾಡಿನಲ್ಲಿ ಒಂದು ವಾದ್ಯಶಾಲೆ

ಅಮೆರಿಕಾ ದೇಶದ ಶಿಕಾಗೋ ನಗರದಿಂದ ದಕ್ಷಿಣಾಭಿಮುಖವಾಗಿ ರೈಲಿನಲ್ಲಿ ಹೊರಟರೆ, ಊರಿನ ಗೋದಾಮುಗಳೂ ಕಾರ್ಖಾನೆಗಳೂ ಹಿಂದೆ ಸರಿದ ಮೇಲೆ ಕಣ್ಣಿಗೆ ಬೀಳುವುದು ಬಯಲೊಂದೇ. ಗುಡ್ಡವಿಲ್ಲ, ಬಂಡೆಯಿಲ್ಲ, ಕೆರೆಯ ಏರಿಯಿಲ್ಲ. ದಾರಿಯ ಎರಡೂ ಕಡೆ ಮುಸುಕಿನ ಜೋಳ. ಅದು ಮುಗಿದರೆ ಸೋಯಾ ಅವರೆ. ಅದು ಮುಗಿದರೆ ಮತ್ತೆ ಮುಸುಕಿನ ಜೋಳ. ಹೀಗೆ ಎರಡೂವರೆ ಗಂಟೆಗೂ ಮೇಲೆ, ಸುಮಾರು ೨೦೦ ಕಿಲೋಮೀಟರು ಸಾಗಿದರೆ ಶಾಂಪೇನ್ ಎಂಬ ನಿಲ್ದಾಣ ಬರುತ್ತದೆ. ಅದಕ್ಕೆ ಅಂಟಿಕೊಂಡಿರುವ ಊರೇ ಅರ್ಬಾನಾ. ಮೊದಲು ಇದ್ದದ್ದು ಅರ್ಬಾನಾ ಮಾತ್ರ. ೧೮೫೪ರಲ್ಲಿ ರೈಲುಹಾದಿ ಊರನ್ನು ಮುಟ್ಟದೆ ಪಶ್ಚಿಮದ ಬಯಲಿನಲ್ಲಿ ಹಾದುಹೋದುದರಿಂದ ನಿಲ್ದಾಣದ ಸುತ್ತ ಇನ್ನೊಂದು ಊರು ಹುಟ್ಟಿಕೊಂಡಿತು. ಹುಬ್ಬಳ್ಳಿ–ಧಾರವಾಡವೆಂದು ನಾವು ಒಂದೇ ಉಸಿರಿನಲ್ಲಿ ಹೇಳುವಂತೆ ಇಲ್ಲಿಯವರೂ ಈ ಜೋಡಿ ಊರುಗಳನ್ನು ಒಟ್ಟಿಗೇ ಹೇಳುತ್ತಾರೆ. ಎರಡರ ನಡುವೆ ಹರಡಿಕೊಂಡಿರುವುದು ಇಲಿನಾಯ್ ವಿಶ್ವವಿದ್ಯಾನಿಲಯ.

೨೦೨೩ರ ಆಗಸ್ಟಿನಿಂದ ನವೆಂಬರಿನವರೆಗೆ ಮಗಳ ಮನೆಯಲ್ಲಿ ಉಳಿಯುವ ನಿಮಿತ್ತ ನಾನು ಈ ಊರಿನಲ್ಲಿದ್ದೆ. ಮಾಟುಂಗಾದ ನಮ್ಮ ಗಲ್ಲಿಯ ಗದ್ದಲಕ್ಕೆ ಒಗ್ಗಿದ ಕಿವಿಗೆ ಇಲ್ಲಿಯ ನಿಶ್ಶಬ್ದವೇ ಮೊದಮೊದಲು ದೊಡ್ಡ ಸದ್ದಾಗಿತ್ತು. ಮಗಳೂ ಅಳಿಯನೂ ಕೆಲಸಕ್ಕೆ ಹೋದರೆ ನನಗೆ ಉಳಿಯುತ್ತಿದ್ದುದು ನಡೆಯುವುದೊಂದೇ. ನಡೆಯುತ್ತ ನಡೆಯುತ್ತ ವಿಶ್ವವಿದ್ಯಾನಿಲಯದ ಮಧ್ಯದಲ್ಲಿ ಒಂದು ಸಣ್ಣ ಹೊಲವನ್ನು ಕಂಡೆ. ೧೮೭೬ರಿಂದ ಎಡೆಬಿಡದೆ ಉತ್ತು ಬಿತ್ತಿ ಭೂಮಿಯ ಸಾರವನ್ನು ಪರೀಕ್ಷಿಸುತ್ತಿರುವ ಮಾರೋ ಪ್ಲಾಟ್ಸ್ ಎಂಬ ಜಾಗ ಅದು. ಅದರ ಪಕ್ಕದಲ್ಲಿ ೧೯೬೯ರಲ್ಲಿ ವಿದ್ಯಾರ್ಥಿಗಳಿಗಾಗಿ ಗ್ರಂಥಾಲಯ ಕಟ್ಟಬೇಕಾದಾಗ, ಕಟ್ಟಡದ ನೆರಳು ಪೈರಿನ ಮೇಲೆ ಬೀಳಬಾರದೆಂದು ಗ್ರಂಥಾಲಯವನ್ನು ನೆಲದೊಳಗೇ ಇಳಿಸಿದರಂತೆ. ಎಳೆಯ ಪೈರಿನ ಮೇಲೆ ದೊಡ್ಡದರ ನೆರಳು ಬೀಳದಂತೆ ನೋಡಿಕೊಳ್ಳುವ ಈ ಜನ ಬೇರೆ ಬೆಳೆಗಳನ್ನು ಹೇಗೆ ಬೆಳೆಸುತ್ತಾರೆ ಎಂಬ ಕುತೂಹಲ ನನಗೆ ಹುಟ್ಟಿದ್ದು ಅಲ್ಲಿಯೇ. ಅದಕ್ಕೆ ಉತ್ತರ ದೊರೆತದ್ದು ಮಾತ್ರ ಕೃಷಿ ವಿಭಾಗದಲ್ಲಿ ಅಲ್ಲ, ಸಂಗೀತಶಾಲೆಯಲ್ಲಿ.

ಅದಕ್ಕೆ ಕಾರಣರಾದವರು ಒಬ್ಬ ಧಾರವಾಡದ ದಂಪತಿಗಳು. ಯಜಮಾನರು ನಲವತ್ತು ವರ್ಷಗಳ ಹಿಂದೆ ಎಂಜಿನಿಯರಾಗಿ ಬಂದು ಇಲ್ಲಿಗೆ ಒಂದು ಗಂಟೆಯ ದಾರಿಯ ಊರಿನಲ್ಲಿ ನೆಲೆಸಿದವರು. ಗಣೇಶ ಚತುರ್ಥಿಗೆ ಮಗಳ ಮನೆಗೆ ಬಂದಿದ್ದರು. ಅವರ ಒಬ್ಬಳೇ ಮಗಳು ಇದೇ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಯಾವ ವಿಷಯವೆಂದು ಕೇಳಿದೆ. ತಾಯಿ ಒಂದು ಕ್ಷಣ ತಡೆದು, "ಏನ್ ಹೇಳೂದ್ರಿ, ಬ್ಯಾಂಡ್ ಕಂಡಕ್ಟಿಂಗ್" ಎಂದರು. "ಊರಾಗ ನಮ್ಮತ್ತಿಯವರು ಬಸ್ಸಿನ ಕಂಡಕ್ಟರ್ ಅಂತ ತಿಳಕೊಂಡು ಮೂರ್ ದಿನ ಅತ್ರು. ನನಗೂ ಪೂರಾ ತಿಳದಿಲ್ಲ. ಬ್ಯಾಂಡ್ ಬಾರಸಾಕ ಎಂ.ಎ. ಯಾಕ ಬೇಕ್ರೀ?"

ನಗುನಗುತ್ತ ಹೇಳಿದರೂ ಮಾತಿನ ಅಡಿಯಲ್ಲಿ ಒಂದು ಕಳವಳವಿತ್ತು. ಹುಡುಗಿ ಸಂಗೀತ ಶಿಕ್ಷಣದಲ್ಲಿ ಪದವಿ ಪಡೆದು ಮೂರು ವರ್ಷ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸುತ್ತಿದ್ದವಳು. ಕಾಯಂ ಆಗಿದ್ದ ಆ ಕೆಲಸವನ್ನು ಬಿಟ್ಟು ಎರಡು ವರ್ಷದ ಓದಿಗೆ ಬಂದಿದ್ದಳು. ಮುಂದೆ ಕೆಲಸ ಸಿಕ್ಕೀತೇ, ಎಷ್ಟು ಸಂಬಳ ಬಂದೀತು, ಇದೆಲ್ಲ ಎಲ್ಲಿಗೆ ಮುಟ್ಟೀತು ಎಂಬ ಪ್ರಶ್ನೆಗಳನ್ನು ತಂದೆ ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲಿ ಬರೆದಿತ್ತು. ಮಕ್ಕಳನ್ನು ಓದಿಸಿದ ನಮ್ಮಲ್ಲಿ ಯಾರಿಗೆ ಆ ಬರಹ ಓದಲು ಬಾರದು? ಹುಡುಗಿ ಮಾತ್ರ ನನ್ನತ್ತ ತಿರುಗಿ, "ಕಾಕಾ, ನಿಮಗೆ ಟೈಮ್ ಇದ್ದರೆ ಒಂದು ದಿನ ಬಂದು ನೋಡಿ" ಎಂದಳು. ಸಮಯವೊಂದೇ ನನ್ನ ಬಳಿ ಧಾರಾಳವಾಗಿದ್ದ ಆಸ್ತಿ. ಮಾರನೆಯ ವಾರವೇ ಹೋದೆ.

ಆರನೆಯ ಬೀದಿಯಲ್ಲಿ ಹಾರ್ಡಿಂಗ್ ಬ್ಯಾಂಡ್ ಬಿಲ್ಡಿಂಗ್ ಎಂಬ ಇಟ್ಟಿಗೆಯ ಕಟ್ಟಡವಿದೆ. ೧೯೫೦ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಅಮೆರಿಕಾದ ಕಾಲೇಜುಗಳಲ್ಲಿ ಬ್ಯಾಂಡಿಗೆಂದೇ ಕಟ್ಟಿಸಿದ ಮೊದಲ ಕಟ್ಟಡ ಇದೇ ಎಂದು ಇಲ್ಲಿಯವರು ಹೆಮ್ಮೆಪಡುತ್ತಾರೆ. ಬ್ಯಾಂಡಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬಂತೆಂದು ಕೇಳಿದರೆ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ೧೮೬೨ರಲ್ಲಿ ಅಮೆರಿಕಾ ಸರ್ಕಾರ ಒಂದು ಕಾನೂನು ಮಾಡಿ, ಸರ್ಕಾರಿ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರ ಹಣದಿಂದ ವ್ಯವಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳನ್ನು ತೆರೆಯಲು ಹೇಳಿತು. ಇಲಿನಾಯ್ ವಿಶ್ವವಿದ್ಯಾನಿಲಯ ಹಾಗೆ ೧೮೬೭ರಲ್ಲಿ ಸ್ಥಾಪಿತವಾದದ್ದು. ಅದೇ ಕಾನೂನು ಸೈನಿಕ ಶಿಕ್ಷಣವೂ ಇರತಕ್ಕದ್ದೆಂದು ವಿಧಿಸಿತ್ತು. ಶಿಕ್ಷಣವೆಂದ ಮೇಲೆ ಕವಾಯತು. ಕವಾಯತೆಂದ ಮೇಲೆ ಹೆಜ್ಜೆಗೆ ತಕ್ಕ ಬ್ಯಾಂಡು. ಹೀಗೆ ನೇಗಿಲಿನ ಹಿಂದೆ ಬಂದೂಕು, ಬಂದೂಕಿನ ಹಿಂದೆ ತುತ್ತೂರಿ ವಿದ್ಯಾಲಯವನ್ನು ಹೊಕ್ಕವು.

ಕಟ್ಟಡಕ್ಕೆ ಹೆಸರು ಕೊಟ್ಟ ಆಲ್ಬರ್ಟ್ ಆಸ್ಟಿನ್ ಹಾರ್ಡಿಂಗ್ ಇಲ್ಲಿಗೆ ಎಂಜಿನಿಯರಿಂಗ್ ಓದಲು ಬಂದವರು. ಓದುತ್ತಿರುವಾಗಲೇ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ೧೯೦೬ರಲ್ಲಿ ಪದವಿ ಬಂತು, ಎಂಜಿನಿಯರಾಗಲಿಲ್ಲ. ಬ್ಯಾಂಡಿನ ನಿರ್ದೇಶಕರಾಗಿ ೧೯೪೮ರವರೆಗೆ, ನಲವತ್ತು ವರ್ಷಗಳಿಗೂ ಮೇಲೆ, ಅದನ್ನೇ ಮಾಡಿದರು. ವಯೊಲಿನ್ ಪ್ರಧಾನವಾದ ವಾದ್ಯವೃಂದಕ್ಕೆ ಬರೆದಿದ್ದ ದೊಡ್ಡ ಕೃತಿಗಳನ್ನು ಊದುವ ವಾದ್ಯಗಳಿಗೆ ಹೊಂದಿಸಿ ಬರೆದರು. ವಯೊಲಿನ್ನಿನ ಸಾಲುಗಳನ್ನು ಕ್ಲಾರಿನೆಟ್ಟುಗಳ ಪಂಕ್ತಿಗೆ ಕೊಟ್ಟರು. ಬೀದಿಯಲ್ಲಿ ನಡೆಯುತ್ತಿದ್ದ ಬ್ಯಾಂಡನ್ನು ಸಭಾಂಗಣದಲ್ಲಿ ಕೂರಿಸಿ ಜನ ಮೈಮರೆತು ಕೇಳುವಂತೆ ಮಾಡಿದವರಲ್ಲಿ ಅವರು ಮುಖ್ಯರು.

ಹಾರ್ಡಿಂಗರ ಆಪ್ತ ಸ್ನೇಹಿತರಾಗಿದ್ದವರು ಜಾನ್ ಫಿಲಿಪ್ ಸೂಸಾ. ನೌಕಾದಳಕ್ಕೆ ಸೇರಿದ ಮರೀನ್ ಬ್ಯಾಂಡನ್ನು ೧೮೮೦ರಿಂದ ೧೮೯೨ರವರೆಗೆ ನಡೆಸಿ, ಆಮೇಲೆ ಸ್ವಂತ ಬ್ಯಾಂಡು ಕಟ್ಟಿ ದೇಶವಿದೇಶಗಳನ್ನು ಸುತ್ತಿದ ಪ್ರಖ್ಯಾತರು ಇವರು. ೧೮೯೬ರಲ್ಲಿ ಇವರು ರಚಿಸಿದ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಎಂಬ ನಡಿಗೆಯ ಗತ್ತು ಈಗ ಅಮೆರಿಕಾದ ರಾಷ್ಟ್ರೀಯ ಮಾರ್ಚ್. ೧೯೩೨ರಲ್ಲಿ ಸೂಸಾ ತೀರಿಕೊಂಡಾಗ ಅವರ ಬ್ಯಾಂಡಿನ ಸಂಗೀತ ಭಂಡಾರದ ಬಹುಭಾಗ ಈ ಊರಿಗೆ ಬಂತು. ಅದು ಈಗ ಇದೇ ಕಟ್ಟಡದ ಮಹಡಿಯಲ್ಲಿದೆ. ನ್ಯೂಯಾರ್ಕಿಗೂ ಅಲ್ಲ, ರಾಜಧಾನಿಗೂ ಅಲ್ಲ, ಜೋಳದ ಹೊಲದ ನಡುವಿನ ಒಂದು ವಿದ್ಯಾಲಯಕ್ಕೆ. ಕಲಿಯುವ ಹುಡುಗರಿರುವ ಕಡೆ ಪುಸ್ತಕ ಇರಲಿ ಎಂಬ ಭಾವನೆ ನಮಗೆ ಹೊಸದೇನಲ್ಲ. ಹಳೆಯ ಪಂಡಿತರು ತಾಳೆಗರಿಗಳನ್ನು ಬಿಟ್ಟುಹೋಗುತ್ತಿದ್ದುದೂ ಹೀಗೆಯೇ.

ಇನ್ನು ಹುಡುಗಿಯ ಓದಿನ ವಿಷಯ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಮುಂಬಯಿ, ಪುಣೆ, ಮದರಾಸುಗಳ ಶಾಲೆಗಳಲ್ಲಿ ಬ್ಯಾಂಡಿನಲ್ಲಿದ್ದಾರೆ. ಪಿಯಾನೋ, ಕೊಳಲು, ತುತ್ತೂರಿ ಕಲಿತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕೂರುತ್ತಿದ್ದಾರೆ. ಆದ್ದರಿಂದ ನಾನು ಕೇಳಿ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಲ್ಲಿ 'ಮಾಸ್ಟರ್ ಆಫ್ ಮ್ಯೂಸಿಕ್' ಎಂಬುದು ಸಾಮಾನ್ಯವಾಗಿ ಎರಡು ವರ್ಷದ ಪದವಿ. ಅದರ ಮೇಲೆ 'ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್' ಎಂಬುದುಂಟು. ಎರಡರಲ್ಲಿಯೂ ನಿರ್ದೇಶನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು. ಹೀಗೆ ಆರಿಸಿಕೊಂಡವರಿಗೆ 'ಗ್ರಾಜುಯೇಟ್ ಅಸಿಸ್ಟೆಂಟ್‌ಷಿಪ್' ಎಂಬ ಸಹಾಯಕ ವೃತ್ತಿ ದೊರೆಯುವುದುಂಟು. ಅರ್ಧಕಾಲದ ಸಹಾಯಕನೆಂದರೆ ವಾರಕ್ಕೆ ೨೦ ಗಂಟೆ ದುಡಿಮೆ ಎಂದು ಲೆಕ್ಕ. ಅದಕ್ಕೆ ಪ್ರತಿಯಾಗಿ ಬೋಧನಾ ಶುಲ್ಕ ಮಾಫಿ, ಮೇಲೆ ತಿಂಗಳ ಸಂಬಳ. ಇತರ ಕೆಲವು ಶುಲ್ಕಗಳನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆಯೇ ಹೊರತು ಕೂಡಿಡುವುದಕ್ಕೆ ಏನೂ ಮಿಗುವುದಿಲ್ಲ. ನಮ್ಮ ದೇಶದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ ೨೦ ಗಂಟೆಗಿಂತ ಹೆಚ್ಚು ದುಡಿಯುವಂತೆಯೂ ಇಲ್ಲ.

ಈ ಸ್ಥಾನಗಳು ಬಹಳ ಕಡಿಮೆ. ಎಂಜಿನಿಯರಿಂಗ್ ವಿಭಾಗದಲ್ಲಿ ನೂರಾರು ಸಹಾಯಕರಿದ್ದರೆ ಬ್ಯಾಂಡ್ ವಿಭಾಗದಲ್ಲಿ ಬೆರಳೆಣಿಕೆ. ಅರ್ಜಿಯೊಡನೆ, ತಾನು ಒಂದು ವಾದ್ಯತಂಡವನ್ನು ನಡೆಸುತ್ತಿರುವ ಚಿತ್ರೀಕರಣವನ್ನು ಕಳುಹಿಸಬೇಕು. ಕೈ, ಮುಖ ಎರಡೂ ಕಾಣುವಂತೆ ವಾದಕರ ಕಡೆಯಿಂದ ತೆಗೆದದ್ದಾಗಿರಬೇಕು. ಬೆನ್ನು ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಅದರಲ್ಲಿ ಗೆದ್ದವರನ್ನು ಕರೆಸಿ, ಅವರು ಹಿಂದೆಂದೂ ಕಾಣದ ವಾದಕರ ಮುಂದೆ ಇಪ್ಪತ್ತು ಮೂವತ್ತು ನಿಮಿಷ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಆ ವಾದಕರು ಮೊದಲಿಗಿಂತ ಚೆನ್ನಾಗಿ ನುಡಿಸುವಂತಾದರೆ ಪರೀಕ್ಷೆ ಗೆದ್ದಂತೆ. ಶಾಲೆಯಲ್ಲಿ ಎರಡು ಮೂರು ವರ್ಷ ಕಲಿಸಿ ಬಂದವರಿಗೆ ಇಲ್ಲಿ ಹೆಚ್ಚಿನ ಬೆಲೆ. ಹಣದ ಸಹಾಯವನ್ನು ಒಪ್ಪುವುದೋ ಬಿಡುವುದೋ ಎಂದು ತಿಳಿಸಲು ಅನೇಕ ವಿಶ್ವವಿದ್ಯಾನಿಲಯಗಳು ಏಪ್ರಿಲ್ ೧೫ರವರೆಗೆ ಅವಕಾಶ ಕೊಡುತ್ತವೆ. ಪರೀಕ್ಷಾ ಪ್ರಮಾಣಪತ್ರಗಳಷ್ಟನ್ನೇ ಹಿಡಿದುಕೊಂಡು ಹೋದರೆ ಬಾಗಿಲು ತೆರೆಯದು. ಸಂಗೀತದಲ್ಲಿ ಮೊದಲ ಪದವಿ ಆಗಿರಬೇಕು. ಇದನ್ನು ಪಾಲಕರು ಗಮನಿಸಬೇಕು.

ವೃತ್ತಿಯೆಂದರೆ ಏನು ಕೆಲಸ? ಹುಡುಗಿಯ ಒಂದು ದಿನವನ್ನು ನೋಡಿದೆ. ಬೆಳಿಗ್ಗೆ ಎಪ್ಪತ್ತು ಕುರ್ಚಿಗಳನ್ನೂ ಅಷ್ಟೇ ಹಾಳೆಗಂಬಗಳನ್ನೂ ಅರ್ಧಚಂದ್ರಾಕಾರವಾಗಿ ಹಾಕಿದಳು. ಗ್ರಂಥಭಂಡಾರದಿಂದ ಹಾಳೆಗಳನ್ನು ತಂದು ವಾದ್ಯವಾರು ಹಂಚಿದಳು. ಯಾರು ಬಂದಿಲ್ಲವೆಂದು ಗುರುತುಹಾಕಿದಳು. ಮಧ್ಯಾಹ್ನ ಕಿರಿಯ ವಿದ್ಯಾರ್ಥಿಗಳಿಗೆ ಕೈಬೀಸುವ ಮೊದಲ ಪಾಠ ಹೇಳಿದಳು. ಸಂಜೆ ಬಯಲಿಗೆ ಹೋಗಿ, ಮುನ್ನೂರಕ್ಕೂ ಹೆಚ್ಚು ಮಂದಿಯ 'ಮಾರ್ಚಿಂಗ್ ಇಲಿನೈ' ಬ್ಯಾಂಡಿನಲ್ಲಿ ಯಾರು ಎಷ್ಟನೆಯ ಹೆಜ್ಜೆಗೆ ಎಲ್ಲಿರಬೇಕೆಂಬ ನಕ್ಷೆ ಹಿಡಿದು ಕೂಗಿ ಕೂಗಿ ತಿದ್ದಿದಳು. ರಾತ್ರಿ ಪ್ರವಾಸದ ಬಸ್ಸಿನ ಪಟ್ಟಿ ಬರೆಯುತ್ತಿದ್ದಳು. "ಅಜ್ಜಿ ಹೇಳಿದ್ದು ಸುಳ್ಳಲ್ಲ ಕಾಕಾ, ಬಸ್ ಕಂಡಕ್ಟರ್ ಕೆಲಸಾನೂ ಇದೆ" ಎಂದು ನಕ್ಕಳು.

ನನಗೆ ನಮ್ಮ ಹಿಂದಿನ ಗುರುಕುಲದ ನೆನಪಾಯಿತು. ನೀರು ಹೊತ್ತು, ತಂಬೂರಿ ಶ್ರುತಿಮಾಡಿ, ಗುರುಗಳ ಹಿಂದೆ ಊರೂರು ಅಲೆದು, ಆ ನಡುನಡುವೆ ಕಿವಿಗೆ ಬಿದ್ದದ್ದನ್ನು ಹೆಕ್ಕಿಕೊಂಡು ವಿದ್ವಾಂಸರಾದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿಯೂ ಅದೇ ಸೇವೆ. ಆದರೆ ಗಂಟೆಯ ಲೆಕ್ಕವುಂಟು, ಸಂಬಳವುಂಟು, ಬರಹದಲ್ಲಿ ಒಪ್ಪಂದವುಂಟು. ಹಾರ್ಡಿಂಗರ ಕೈಕೆಳಗೆ ೧೯೩೪ರಿಂದ ಸಹಾಯಕರಾಗಿದ್ದ ಮಾರ್ಕ್ ಹಿಂಡ್ಸ್ಲಿಯವರೇ ೧೯೪೮ರಲ್ಲಿ ಅವರ ಉತ್ತರಾಧಿಕಾರಿಯಾದರು. ಹಾರ್ಡಿಂಗರ ಬಳಿ ಪಳಗಿದ ಇತರರು ವಿಸ್ಕಾನ್ಸಿನ್, ನಾರ್ತ್‌ವೆಸ್ಟರ್ನ್ ಮುಂತಾದ ವಿಶ್ವವಿದ್ಯಾನಿಲಯಗಳಿಗೆ ಹೋಗಿ ಅಲ್ಲಿ ಬ್ಯಾಂಡುಗಳನ್ನು ಬೆಳೆಸಿದರು. ನಾವು ಶಿಷ್ಯಪರಂಪರೆ ಎನ್ನುವುದು ಇದನ್ನೇ ಅಲ್ಲವೇ?

ಈ ಸೇವೆಯೆಲ್ಲ ಯಾವುದಕ್ಕಾಗಿ ಎಂಬುದು ಅಕ್ಟೋಬರಿನಲ್ಲಿ ಒಂದು ಅಭ್ಯಾಸಕ್ಕೆ ಹೋಗಿ ಕುಳಿತಾಗ ತಿಳಿಯಿತು. ವೀಣೆ ಕಲಿಯುವವಳು ಮನೆಯಲ್ಲಿ ವೀಣೆ ಇಟ್ಟುಕೊಳ್ಳಬಹುದು. ಮಧ್ಯರಾತ್ರಿ ಎದ್ದು ನುಡಿಸಬಹುದು. ನೂರು ಸಲ ತಪ್ಪಬಹುದು. ನಿರ್ದೇಶನ ಕಲಿಯುವವಳ ವಾದ್ಯವೆಂದರೆ ಉಸಿರಾಡುವ ಎಪ್ಪತ್ತು ಮನುಷ್ಯರು. ಅದನ್ನು ಮನೆಗೆ ಒಯ್ಯುವಂತಿಲ್ಲ. ಕನ್ನಡಿಯ ಮುಂದೆ ಕೈಬೀಸಿದರೆ ಕನ್ನಡಿ ಅಪಸ್ವರ ನುಡಿಸುವುದಿಲ್ಲ. ಯಾರಾದರೂ ತಮ್ಮ ಎಪ್ಪತ್ತು ಮಂದಿಯನ್ನು ಅರ್ಧ ಗಂಟೆ ಅವಳ ಕೈಗೆ ಒಪ್ಪಿಸಿದರೆ ಮಾತ್ರ ಅವಳಿಗೆ ವಾದ್ಯ ಸಿಕ್ಕಿತು. ಕುರ್ಚಿ ಹಾಕಿದ್ದು, ಹಾಳೆ ಹಂಚಿದ್ದು, ಬಿಸಿಲಿನಲ್ಲಿ ಕೂಗಿದ್ದು ಎಲ್ಲವೂ ಆ ಅರ್ಧ ಗಂಟೆಯ ಬೆಲೆ.

ಅಂದು ಅವಳಿಗೆ ಕೊಟ್ಟಿದ್ದುದು ಪರ್ಸಿ ಗ್ರೇಂಜರ್ ಅವರ 'ಲಿಂಕನ್‌ಷೈರ್ ಪೋಸಿ'. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈ ಮಹಾಶಯರು ೧೯೦೫–೦೬ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ಹಳ್ಳಿಯ ಮುದುಕರು ಹಾಡುತ್ತಿದ್ದ ಪದಗಳನ್ನು ಸಂಗ್ರಹಿಸಿದರು. ಫೋನೋಗ್ರಾಫ್ ಯಂತ್ರದಲ್ಲಿ ಅವರ ಕಂಠವನ್ನೇ ಹಿಡಿದಿಟ್ಟರು. ಬಿಜಾಪುರದ ಕಡೆ ಹಲಸಂಗಿಯ ಗೆಳೆಯರು ಗರತಿಯರ ಹಾಡುಗಳನ್ನು ಕೂಡಿಹಾಕಿದಂಥದೇ ಕೆಲಸ. ಮೂರು ದಶಕಗಳ ಮೇಲೆ, ೧೯೩೭ರಲ್ಲಿ, ಆ ಹಾಡುಗಳಿಂದ ಆರು ಭಾಗಗಳ ಈ ಬ್ಯಾಂಡ್ ಕೃತಿಯನ್ನು ಹೆಣೆದರು. ಹಾಡಿದವರು ಎಲ್ಲಿ ಎಳೆದರೋ, ಎಲ್ಲಿ ಉಸಿರು ಕಡಿದರೋ, ಎಲ್ಲಿ ತಾಳ ಮೀರಿದರೋ ಅದನ್ನು ತಿದ್ದಿ ನೇರಮಾಡದೆ ಹಾಗೆಯೇ ಬರೆದರು. ಆದ್ದರಿಂದ ಒಂದು ಭಾಗದಲ್ಲಿ ತಾಳ ಸಾಲುಸಾಲಿಗೂ ಬದಲಾಗುತ್ತದೆ. ಇನ್ನೊಂದರಲ್ಲಿ ಕೆಲವೆಡೆ ತಾಳವನ್ನೇ ಕಟ್ಟಿಲ್ಲ, ನಿರ್ದೇಶಕ ತನಗೆ ಸರಿಕಂಡಂತೆ ಒಂದೊಂದು ಸ್ವರವನ್ನೂ ಬಿಡಿಸಬೇಕು. ಮಿಲ್ವಾಕಿಯಲ್ಲಿ ಮೊದಲ ಸಲ ನುಡಿಸಿದಾಗ ವಾದಕರಿಗೆ ಇದು ಎಟುಕದೆ ಎಲ್ಲ ಭಾಗಗಳನ್ನೂ ನುಡಿಸಲಾಗಲಿಲ್ಲವಂತೆ.

ನಮ್ಮ ಕಛೇರಿಗಳಲ್ಲಿ ತಾಳ ಎಲ್ಲರದು. ಮುಂದಿನ ಸಾಲಿನ ರಸಿಕರೂ ತೊಡೆಯ ಮೇಲೆ ಹಾಕುತ್ತಾರೆ, ಹಿಂದಿನ ಸಾಲಿನ ಮಗುವೂ ಹಾಕುತ್ತದೆ. ಇಲ್ಲಿ ತಾಳ ಒಬ್ಬರ ಕೈಯಲ್ಲಿ, ಅದೂ ಸದ್ದಿಲ್ಲದೆ. ಸದ್ದು ಮಾಡದ ಕೋಲು ಗಾಳಿಯಲ್ಲಿ ಮೂರರ, ನಾಲ್ಕರ, ಐದರ ಚಿತ್ರ ಬರೆಯುತ್ತದೆ. ಎಡಗೈ ಬೇರೆಯೇ ಮಾತಾಡುತ್ತದೆ: ಕೊಂಬಿನವರು ಇನ್ನಷ್ಟು, ಡೋಲಿನವರು ಸಾಕು, ಕೊಳಲಿನವರು ಈಗ ಬನ್ನಿ. ಎಲ್ಲಕ್ಕಿಂತ ಕಷ್ಟವಾದದ್ದು ಮೊದಲ ಪೆಟ್ಟಿಗಿಂತ ಹಿಂದಿನ ಪೆಟ್ಟು. ಸಂಗೀತ ಇನ್ನೂ ಆರಂಭವಾಗಿಲ್ಲ, ಆದರೂ ಬರಲಿರುವುದರ ವೇಗ, ಗಾತ್ರ, ಭಾವ ಎಲ್ಲವನ್ನೂ ಆ ಒಂದು ಎತ್ತುಗೈಯಲ್ಲಿ, ಒಂದು ಉಸಿರಿನಲ್ಲಿ ಹೇಳಿಬಿಡಬೇಕು.

ಇನ್ನೊಂದು ತೊಡಕು ಹಾಳೆಯಲ್ಲಿದೆ. ನಿರ್ದೇಶಕಿಯ ಪುಸ್ತಕದ ಒಂದೊಂದು ಪುಟದಲ್ಲಿ ಇಪ್ಪತ್ತೈದು ಮೂವತ್ತು ಸಾಲುಗಳು ಒಂದರ ಕೆಳಗೊಂದು. ಎಲ್ಲರ ಹಾಳೆಯ ಷಡ್ಜವೂ ಒಂದೇ ಅಲ್ಲ. ಒಂದೇ ಸ್ವರಚಿಹ್ನೆಯನ್ನು ನೋಡಿ ಕೊಳಲಿನವನು ನುಡಿಸಿದ್ದಕ್ಕಿಂತ ಸಾಮಾನ್ಯ ಕ್ಲಾರಿನೆಟ್ಟಿನವನದು ಒಂದು ಮೆಟ್ಟಲು ಕೆಳಗೆ ಕೇಳುತ್ತದೆ. ಕೊಂಬಿನವನದು ಐದನೆಯ ಸ್ವರದಷ್ಟು ಕೆಳಗೆ. ಇದನ್ನೆಲ್ಲ ಮನಸ್ಸಿನಲ್ಲಿಯೇ ಕೂಡಿ ಕಳೆದು, ಎಪ್ಪತ್ತು ಮಂದಿಯಲ್ಲಿ ಯಾರ ಸ್ವರ ಕೂದಲೆಳೆಯಷ್ಟು ತಗ್ಗಿದೆ ಎಂದು ಹಿಡಿಯಬೇಕು.

ತಾಳ ಬದಲಾಗುವ ಭಾಗದಲ್ಲಿ ಅವಳ ಕೈ ಒಂದು ಕಡೆ ತಡೆಯಿತು. ಅರೆಕ್ಷಣ ಅಷ್ಟೆ; ಎಪ್ಪತ್ತು ಮಂದಿ ಹದಿನೈದು ದಾರಿ ಹಿಡಿದರು. ಸದ್ದು ಕುಸಿಯಿತು. ಗುರುಗಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಬಂದು ಕೋಲು ಕಿತ್ತುಕೊಳ್ಳಲಿಲ್ಲ. ತಾವೇ ಮಾಡಿ ತೋರಿಸಲಿಲ್ಲ. ಸುಮ್ಮನೆ ನಿಂತರು. ಅವಳು ಕೋಲನ್ನು ಕೆಳಗಿಟ್ಟು, ಆ ಸಾಲನ್ನು ಬಾಯಲ್ಲಿ ಹಾಡಿದಳು. ವಾದಕರೂ ಹಾಡಿದರು. ಎರಡನೆಯ ಸಲ ಕೋಲು ಎತ್ತಿದಾಗ ಹಾಡು ದಾಟಿಕೊಂಡಿತು. ಗುರುಗಳು ಅನಂತರ ಹೇಳಿದ್ದು ಇಷ್ಟೇ: ಎಣಿಸುತ್ತಿದ್ದಾಗ ಬಿದ್ದೆ, ಕೇಳಿಸಿಕೊಂಡಾಗ ಎದ್ದೆ. ಹೊಲದ ಮೇಲೆ ನೆರಳು ಬೀಳಿಸದ ಊರಿನವರೇ ಸರಿ ಎಂದುಕೊಂಡೆ.

ಇದರ ಜೊತೆಗೆ ಕ್ರೀಡಾಂಗಣದ ಮಾತನ್ನೂ ಹೇಳಬೇಕು. ಸೆಪ್ಟೆಂಬರಿನ ಒಂದು ಶನಿವಾರ ಅಳಿಯ ಅಲ್ಲಿಗೆ ಕರೆದೊಯ್ದಿದ್ದ. ೧೯೨೩ರಲ್ಲಿ ತೆರೆದ, ಸುಮಾರು ೬೦ ಸಾವಿರ ಮಂದಿ ಕೂರುವ ಮೆಮೋರಿಯಲ್ ಸ್ಟೇಡಿಯಂ ಅದು. ೨೦೨೫ರಿಂದ ಅದಕ್ಕೆ ಗೀಸ್ ಮೆಮೋರಿಯಲ್ ಸ್ಟೇಡಿಯಂ ಎಂದು ಹೆಸರು. ಮೊದಲ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ಹೆಸರುಗಳನ್ನು ಅದರ ಕಂಬಗಳ ಮೇಲೆ ಕೆತ್ತಿದ್ದಾರೆ. ಅಮೆರಿಕಾದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ನಿಯಮ ನನಗೆ ಕೊನೆಗೂ ಬಗೆಹರಿಯಲಿಲ್ಲ. ಆದರೆ ವಿರಾಮದಲ್ಲಿ ಮುನ್ನೂರು ಮಂದಿ ಊದುತ್ತ, ಬಾರಿಸುತ್ತ ಹಸಿರಿನ ಮೇಲೆ ಅಕ್ಷರಗಳಾಗಿ, ಅಲೆಗಳಾಗಿ ಕರಗಿ ಕೂಡಿದ ನೋಟ ಮರೆಯುವಂಥದಲ್ಲ. ವಿರಾಮಕಾಲದ ಇಂಥ ಪ್ರದರ್ಶನವನ್ನು ೧೯೦೭ರಲ್ಲಿ ಮೊದಲು ಕೊಟ್ಟವರು ತಾವೇ ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಗ್ರೇಂಜರನ ಸೂಕ್ಷ್ಮಕ್ಕೂ ಈ ಅಬ್ಬರಕ್ಕೂ ಏನು ಸಂಬಂಧವೆಂದು ಹುಡುಗಿಯನ್ನು ಕೇಳಿದೆ. "ಇದು ಇರೋದಕ್ಕೇ ಅದು ಇದೆ ಕಾಕಾ" ಎಂದಳು. ಬ್ಯಾಂಡಿನ ಮೇಲೆ ಊರಿನ ಪ್ರೀತಿಯನ್ನು ಉಳಿಸಿಕೊಟ್ಟಿರುವುದು ಶನಿವಾರದ ಆಟ.

ಹೊಟ್ಟೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಅಮೆರಿಕಾದಲ್ಲಿ ಗಣಿತ, ಚರಿತ್ರೆಗಳಂತೆ ಬ್ಯಾಂಡೂ ಬಹುಪಾಲು ಹೈಸ್ಕೂಲುಗಳಲ್ಲಿ ಒಂದು ಪಾಠ. ಅದನ್ನು ಕಲಿಸಲು ಕಾಯಂ ಅಧ್ಯಾಪಕರು ಬೇಕು. ಸ್ನಾತಕೋತ್ತರ ಪದವಿ ಇದ್ದರೆ ಸಾಮಾನ್ಯವಾಗಿ ಸಂಬಳದ ಶ್ರೇಣಿ ಮೇಲೇರುತ್ತದೆ. ವಿಶ್ವವಿದ್ಯಾನಿಲಯದಲ್ಲಿಯೇ ನಿರ್ದೇಶಕರಾಗಬೇಕಾದರೆ ಡಾಕ್ಟರೇಟ್ ಕೇಳುತ್ತಾರೆ. ಅಂಥ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಅಂದರೆ ಈ ದಾರಿಯಲ್ಲಿ ಊಟವುಂಟು, ಐಶ್ವರ್ಯವಿಲ್ಲ. ನಾನು ಹುಡುಗಿಯ ತಂದೆಗೆ ಇದನ್ನು ವಿವರಿಸಿದಾಗ ಅವರು, "ಊಟ ಐತಿ ಅಂದ್ರ ಆತು ಬಿಡ್ರಿ. ಆದ್ರ ಸ್ಥಿರ ಕೆಲಸ ಬಿಟ್ಟು ಬಂದಾಳ, ಅದಕ್ಕ ಜೀವ ಹೊಯ್ದಾಡತೈತಿ" ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಬ್ಯಾಂಡಿನ ವಿದ್ಯೆ ಕನ್ನಡಿಗರಿಗೆ ಅಪರಿಚಿತವೆಂದು ಯಾರೂ ತಿಳಿಯಬಾರದು. ಮೈಸೂರಿನ ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂದು ಎರಡಿದ್ದುದನ್ನು ಹಿರಿಯರು ಬಲ್ಲರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೋ ಸ್ಮಿಟ್ ಎಂಬ ಜರ್ಮನ್ ಸಂಗೀತಗಾರರು ಅರಮನೆಯ ಪಾಶ್ಚಾತ್ಯ ವಾದ್ಯವೃಂದದ ನಿರ್ದೇಶಕರಾಗಿದ್ದರು. ವೀಣೆ ವೆಂಕಟಗಿರಿಯಪ್ಪನವರು ಎರಡು ಪದ್ಧತಿಗಳನ್ನೂ ಬೆಸೆದು ನಗ್ಮಾ ಎಂಬ ವಾದ್ಯರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಬಲ್ಲವರು. ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರರ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾದದ್ದು ಅವರ ನೆರವಿನಿಂದಲೇ. ಈಗಲೂ ದಸರೆಯಲ್ಲಿ ಪೊಲೀಸ್ ಬ್ಯಾಂಡು ಅರಮನೆಯ ಮುಂದೆ ನುಡಿಸುತ್ತದೆ. ಮುಂಬಯಿಯ ನಾವು ಡಿಸೆಂಬರಿನ ನೌಕಾದಿನದಲ್ಲಿ ಗೇಟ್‌ವೇ ಬಳಿ ನೌಕಾಪಡೆಯ ಬ್ಯಾಂಡನ್ನು ಕೇಳುತ್ತೇವೆ. ದಿಲ್ಲಿಯವರು ಜನವರಿ ೨೯ರಂದು ವಿಜಯ ಚೌಕದಲ್ಲಿ ಕೇಳುತ್ತಾರೆ. ಸೈನ್ಯದ ವಾದಕರಿಗೆ ಪಚ್‌ಮಢಿಯಲ್ಲಿ ಶಿಕ್ಷಣವುಂಟು. ಅರಮನೆ, ಸೈನ್ಯ, ಪೊಲೀಸು ಹೀಗೆ ಅಧಿಕಾರದ ಆಶ್ರಯದಲ್ಲಿ ನಮ್ಮ ಬ್ಯಾಂಡು ಉಳಿದು ಬಂದಿದೆ. ಅಲ್ಲಿ ಅದು ಕವಾಯತಿನಿಂದ ಹೊರಟು ಕಾಲೇಜಿಗೂ, ಕಾಲೇಜಿನಿಂದ ಹಳ್ಳಿಯ ಶಾಲೆಗೂ ಇಳಿದು ಹೋಯಿತು. ಇಳಿಸಿದವರು ಹಾರ್ಡಿಂಗರಂಥ ಗುರುಗಳೂ ಅವರ ಸಹಾಯಕರೂ.

ನವೆಂಬರಿನಲ್ಲಿ ಕ್ರ್ಯಾನರ್ಟ್ ಕೇಂದ್ರದಲ್ಲಿ ಕಛೇರಿ. ೧೯೬೯ರಲ್ಲಿ ತೆರೆದ ಈ ಕಲಾಭವನದ ದೊಡ್ಡ ಸಭಾಂಗಣ ನಾದಕ್ಕೆ ಹೆಸರಾದದ್ದು. ವೇದಿಕೆಯ ಮೇಲಿನ ಪಿಸುಮಾತೂ ಹಿಂದಿನ ಸಾಲಿಗೆ ಬರುತ್ತದೆ. ಕಾರ್ಯಕ್ರಮದಲ್ಲಿ ಹುಡುಗಿಯ ಪಾಲಿಗೆ ಆ ಒಂದೇ ಕೃತಿ. ಅವಳ ತಂದೆತಾಯಿಗಳ ಪಕ್ಕದಲ್ಲಿ ನಾನೂ ಕುಳಿತೆ. ತಾಯಿ ಇಳಕಲ್ ಸೀರೆ ಉಟ್ಟಿದ್ದರು. ಕೈಯಲ್ಲಿ ಕಾರ್ಯಕ್ರಮದ ಪತ್ರಿಕೆ ಮುದುಡಿಹೋಗಿತ್ತು. ಕಪ್ಪು ಉಡುಪಿನ ಹುಡುಗಿ ಬಂದು ನಮಗೆ ಬೆನ್ನು ಮಾಡಿ ನಿಂತಳು. ಅಭ್ಯಾಸದ ದಿನ ಕುಸಿದಿದ್ದ ಜಾಗ ಬಂತು, ಹೋಯಿತು. ತಾ‍ಳ ಕಟ್ಟದ ಭಾಗದಲ್ಲಿ ಅವಳ ಕೈ ಒಂದು ಸ್ವರದ ಮೇಲೆ ನಿಂತಿತು, ಎಪ್ಪತ್ತು ಉಸಿರುಗಳು ಅಲ್ಲಿಯೇ ನಿಂತವು, ಕೈ ಇಳಿಯಿತು, ಹಿತ್ತಾಳೆಯ ವಾದ್ಯಗಳೆಲ್ಲ ಒಂದೇ ಕಂಠವಾಗಿ ಮುದುಕನೊಬ್ಬನ ಹಾಡು ಹೊರಟಿತು. ತಾಯಿ ನನ್ನತ್ತ ಬಾಗಿ ಮೆಲ್ಲಗೆ ಹೇಳಿದರು: "ನಮ್ಮವ್ವ ಬೀಸೂ ಮುಂದ ಹಾಡತಿದ್ದ ಪದಾನೂ ಹಿಂಗ ಇತ್ತ ನೋಡ್ರಿ. ತಾಳ ಐತಿ, ಖರೆ ಎಣಸಾಕ ಬರೂದಿಲ್ಲ."

ಸಂಗೀತಶಾಸ್ತ್ರದ ಪರಿಚಯವಿಲ್ಲದ ಆ ತಾಯಿ, ಗುರುಗಳು ಮಗಳಿಗೆ ಹೇಳಿದ ಮಾತನ್ನೇ ಬೀಸುಕಲ್ಲಿನ ಬಳಿಯಿಂದ ಎತ್ತಿ ತಂದಿದ್ದರು. ಎಂ.ಎ. ಯಾಕೆ ಬೇಕೆಂದು ಆಮೇಲೆ ಅವರು ಕೇಳಲಿಲ್ಲ. ತಂದೆಯ ಚಿಂತೆ ಮಾತ್ರ ಒಂದು ಸಂಜೆಗೆ ಕರಗುವಂಥದಲ್ಲ. ೨೦೨೪ರ ಮೇ ತಿಂಗಳಲ್ಲಿ ಪದವಿ ಮುಗಿಸಿ ಹುಡುಗಿ ಅದೇ ರಾಜ್ಯದ ಒಂದು ಸಣ್ಣ ಊರಿನ ಶಾಲೆಯಲ್ಲಿ ಬ್ಯಾಂಡ್ ಅಧ್ಯಾಪಿಕೆಯಾದಳೆಂದು ಮಗಳು ತಿಳಿಸಿದಳು. ಬಿಟ್ಟುಬಂದಿದ್ದ ಶಾಲೆಗಿಂತ ಚಿಕ್ಕ ಶಾಲೆಯಂತೆ. ತಂದೆಗೆ ಇದು ಅಷ್ಟಾಗಿ ಹಿಡಿಸಿಲ್ಲ. ಅಲ್ಲಿ ಅವಳು ಹೋದ ಕೂಡಲೆ ಮಾಡಿದ ಏರ್ಪಾಡೆಂದರೆ, ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯ ಕೈಗೆ ಐದು ನಿಮಿಷ ಕೋಲು ಕೊಡುವುದು.

ನಮ್ಮ ಸಂಘಗಳಲ್ಲಿಯೂ ಭಜನಾಮಂಡಳಿಯುಂಟು, ರಾಜ್ಯೋತ್ಸವದ ವೃಂದಗಾನವುಂಟು, ನಾಟಕವುಂಟು. ಇಪ್ಪತ್ತು ವರ್ಷಗಳಿಂದ ಅದೇ ಹಿರಿಯರು ಮುಂದೆ ನಿಂತು ನಡೆಸುತ್ತ ಬಂದಿದ್ದಾರೆ; ಅವರ ಶ್ರಮಕ್ಕೆ ಕೈಮುಗಿಯೋಣ. ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳು ಹಿಂದಿನ ಸಾಲಿನಲ್ಲಿ ನಿಂತು ತುಟಿಯಾಡಿಸುತ್ತಾರೆ. ಬರುವ ನವೆಂಬರಿನ ಹಾಡಿಗೆ, ಐದು ನಿಮಿಷದ ಮಟ್ಟಿಗಾದರೂ, ಅವರಲ್ಲಿ ಒಬ್ಬರನ್ನು ಮುಂದೆ ನಿಲ್ಲಿಸಿ ನೋಡಬಹುದು. ಹಾಡು ಒಂದು ಕಡೆ ಕುಸಿದೀತು. ಆಗ ಹಿರಿಯರು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು.